ಪ್ರವಾಸದ ಕಾರಿಗೆ ಹೆಚ್ಚುವರಿ ಖಾತರಿ ಬೇಕೇ?

ತೆಂಗಿನ ಸೀಮೆಯ ಮನೆಗಳಲ್ಲಿ ಕಾರು ಎಂಬುದು ಹೆಚ್ಚಾಗಿ ದುಡಿಮೆಯ ವಾಹನವಲ್ಲ. ತೋಟಕ್ಕೆ ಹೋಗಿಬರಲು ಮೋಟಾರ್ ಸೈಕಲ್ ಇದೆ. ಕಾಯಿ, ಗೊಬ್ಬರ ಹೊರಲು ಟ್ರ್ಯಾಕ್ಟರ್ ಇದೆ. ಹೊನ್ನವಳ್ಳಿಯಲ್ಲಾಗಲಿ, ತಿಪಟೂರಿನಲ್ಲಾಗಲಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಾಗಲಿ ಏಳು ಜನ ಕೂರುವ ಕಾರನ್ನು ಕೊಳ್ಳುವ ಸಂಸಾರದ ಮನಸ್ಸಿನಲ್ಲಿರುವುದು ಧರ್ಮಸ್ಥಳ, ಶೃಂಗೇರಿ, ಎಡೆಯೂರು; ಬೇಸಿಗೆಯ ರಜೆಯಲ್ಲಿ ಮಕ್ಕಳಿಗೆ ತೋರಿಸಬೇಕಾದ ಸಮುದ್ರ; ನೆಂಟರಿಷ್ಟರ ಮದುವೆ, ಗೃಹಪ್ರವೇಶ. ಅದು ಸಂತೋಷಕ್ಕಾಗಿ ಕೊಂಡ ವಾಹನ. ಅಂಥ ವಾಹನದ ಬೆಲೆ, ತೆರಿಗೆ, ವಿಮೆ ಇವೆಲ್ಲವೂ ಮುಗಿದು, ಯಜಮಾನರು ಇನ್ನೇನು ಸಹಿ ಹಾಕಿ ಏಳಬೇಕು ಎನ್ನುವಾಗ ಅಂಗಡಿಯವರು ಮತ್ತೊಂದು ಕಾಗದವನ್ನು ಮುಂದಿಡುತ್ತಾರೆ. “ಸ್ವಾಮಿ, ಇದೊಂದು ಎಕ್ಸ್‌ಟೆಂಡೆಡ್ ವಾರಂಟಿ. ಇದಿದ್ದರೆ ಆರು ವರ್ಷ ತಾವು ಚಿಂತೆ ಮಾಡಬೇಕಾಗಿಲ್ಲ” ಎನ್ನುತ್ತಾರೆ.

ಈ ಹೆಚ್ಚುವರಿ ಖಾತರಿಯನ್ನು ಕೊಳ್ಳಬೇಕೇ, ಬಿಡಬೇಕೇ? ಲಕ್ಷಗಟ್ಟಲೆ ಕೊಟ್ಟ ಕೈಗೆ ಇಪ್ಪತ್ತು ಮೂವತ್ತು ಸಾವಿರ ಅಲ್ಪವೆಂದು ತೋರುವ ಗಳಿಗೆಯಲ್ಲಿ ಈ ಪ್ರಶ್ನೆ ಎದುರಾಗುವುದರಿಂದ, ಅಲ್ಲಿ ಕುಳಿತು ವಿಚಾರ ಮಾಡುವುದು ಕಷ್ಟ. ಮನೆಯಲ್ಲಿ ಮೊದಲೇ ವಿಚಾರ ಮಾಡಿಕೊಂಡು ಹೋಗುವುದೇ ಮೇಲು. ಅದಕ್ಕೆ ಸಹಾಯವಾಗುವ ನಾಲ್ಕು ವಿಷಯಗಳನ್ನು ಇಲ್ಲಿ ನೋಡೋಣ.

ಮೊದಲನೆಯದಾಗಿ, ಖಾತರಿ ಎಂದರೇನು? ತಯಾರಿಕೆಯಲ್ಲಿಯೇ ದೋಷವಿದ್ದು, ಅಥವಾ ಬಳಸಿದ ಲೋಹ ಮುಂತಾದ ಸಾಮಗ್ರಿಯಲ್ಲಿಯೇ ಕೊರತೆಯಿದ್ದು ಯಾವುದಾದರೂ ಭಾಗ ಕೆಟ್ಟರೆ, ಅದನ್ನು ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡುವೆನೆಂದು ತಯಾರಕನು ಕೊಡುವ ಮಾತು. ಇದು ಕಾರಿನ ಬೆಲೆಯಲ್ಲಿಯೇ ಸೇರಿದೆ. ಬೇರೆ ಹಣ ಕೊಡಬೇಕಾಗಿಲ್ಲ. ಈ ಖಾತರಿಗೆ ಎರಡು ಗಡಿಗಳುಂಟು: ಒಂದು ಕಾಲದ್ದು, ಇನ್ನೊಂದು ಓಡಿದ ದೂರದ್ದು. ಯಾವುದು ಮೊದಲು ಮುಗಿಯುತ್ತದೆಯೋ ಅಲ್ಲಿಗೆ ಖಾತರಿಯೂ ಮುಗಿಯಿತು. ನಮ್ಮಲ್ಲಿ ಬಹಳ ಮಂದಿ ಕೊಳ್ಳುವ ಮಾರುತಿ ಸುಝುಕಿ ಕಾರುಗಳಿಗೆ ಹಿಂದೆ ೨ ವರ್ಷ ಅಥವಾ ೪೦,೦೦೦ ಕಿಲೋಮೀಟರಿನ ಖಾತರಿಯಿತ್ತು. ೨೦೨೪ರ ಜುಲೈ ತಿಂಗಳಲ್ಲಿ ಕಂಪನಿ ಅದನ್ನು ೩ ವರ್ಷ ಅಥವಾ ೧,೦೦,೦೦೦ ಕಿಲೋಮೀಟರಿಗೆ ಏರಿಸಿತು. ಹೆಚ್ಚುವರಿ ಹಣ ಕೊಟ್ಟರೆ ೬ ವರ್ಷ ಅಥವಾ ೧,೬೦,೦೦೦ ಕಿಲೋಮೀಟರಿನವರೆಗೆ ಮುಂದುವರಿಸಿಕೊಳ್ಳುವ ಯೋಜನೆಯನ್ನೂ ಆಗ ಪ್ರಕಟಿಸಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹಣ ಕೊಡುವುದು ಇಂದು. ಅದರ ಕೆಲಸ ಆರಂಭವಾಗುವುದು ಮೂರು ವರ್ಷದ ಖಾತರಿ ಮುಗಿದ ಮರುದಿನ. ಲೆಕ್ಕಕ್ಕೆಂದು ಹೆಚ್ಚುವರಿ ಖಾತರಿಯ ಬೆಲೆ ೨೫,೦೦೦ ರೂಪಾಯಿ ಎಂದು ಇಟ್ಟುಕೊಳ್ಳಿ. ಅದೇ ಹಣ ಶೇಕಡ ೬ರ ಚಕ್ರಬಡ್ಡಿಯಲ್ಲಿ ಬ್ಯಾಂಕಿನಲ್ಲಿದ್ದರೆ ಮೂರು ವರ್ಷಕ್ಕೆ ಹೆಚ್ಚುಕಡಿಮೆ ೨೯,೮೦೦ ರೂಪಾಯಿ ಆಗುತ್ತದೆ. ಮೊದಲಿನ ಖಾತರಿ ಮುಗಿಯುವುದರೊಳಗಾಗಿ ಯಾವಾಗ ಬೇಕಾದರೂ ಹೆಚ್ಚುವರಿ ಖಾತರಿಯನ್ನು ಕೊಳ್ಳಲು ಅನೇಕ ಕಂಪನಿಗಳು ಅವಕಾಶ ಕೊಡುತ್ತವೆ; ಆದರೆ ತಡವಾದಷ್ಟೂ ಬೆಲೆ ಏರುವುದುಂಟು. ಆದುದರಿಂದ “ಇಂದು ಎಷ್ಟು? ಎರಡನೆಯ ವರ್ಷದ ಕೊನೆಗೆ ಎಷ್ಟು?” ಎಂದು ಎರಡು ಬೆಲೆಗಳನ್ನೂ ಕೇಳಿ ಬರೆಸಿಕೊಳ್ಳಿ. ವ್ಯತ್ಯಾಸ ಸ್ವಲ್ಪವೇ ಆದರೆ ಕಾಯುವುದು ಲಾಭ. ಎರಡು ವರ್ಷದಲ್ಲಿ ನಿಮ್ಮ ಕಾರಿನ ಗುಣ ನಿಮಗೇ ತಿಳಿದಿರುತ್ತದೆ. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡಿ, ಸುಳಿ ನೋಡಿ, ಒಂದಿಷ್ಟು ದೂರ ನಡೆಸಿ ನೋಡುತ್ತಾನಲ್ಲವೇ? ಇದೂ ಹಾಗೆಯೇ.

ಎರಡನೆಯ ವಿಷಯ, ಈ ಖಾತರಿ ಯಾವುದಕ್ಕೆ ಅನ್ವಯಿಸುತ್ತದೆ, ಯಾವುದಕ್ಕೆ ಇಲ್ಲ ಎಂಬುದು. ಇಲ್ಲಿಯೇ ಜನರಿಗೆ ಆಗುವ ನಿರಾಶೆಯೆಲ್ಲ ಅಡಗಿದೆ. ನಮ್ಮ ಸೀಮೆಯ ನಾಲ್ಕು ಸಂಗತಿಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ತೋಟದ ಮನೆಯ ಮುಂದೆ ಮರದ ಕೆಳಗೆ ನಿಲ್ಲಿಸಿದ್ದ ಕಾರಿನ ಮೇಲೆ ತೆಂಗಿನಕಾಯಿ ಬಿತ್ತು; ಮುಂದಿನ ಗಾಜು ಒಡೆಯಿತು. ಇದು ಖಾತರಿಗೆ ಸೇರಿದ್ದಲ್ಲ. ಹೊರಗಿನಿಂದ ಬಿದ್ದ ಏಟು ವಿಮೆಗೆ ಸೇರಿದ್ದು. ಅದರಲ್ಲಿಯೂ ಸ್ವಂತ ವಾಹನದ ಹಾನಿಯನ್ನು ಭರಿಸುವ ವಿಮೆ ಇರಬೇಕು. ೨೦೧೮ರ ಸೆಪ್ಟೆಂಬರ್ ೧ರಿಂದ ಹೊಸ ಕಾರು ಕೊಳ್ಳುವಾಗ ೩ ವರ್ಷಕ್ಕೆ ಒಟ್ಟಿಗೆ ಮಾಡಿಸಬೇಕಾಗಿರುವುದು ಮೂರನೆಯವರ ಹಾನಿಯ ವಿಮೆ. ನಿಮ್ಮ ಗಾಜಿಗೆ ಅದು ಒಂದು ಕಾಸನ್ನೂ ಕೊಡುವುದಿಲ್ಲ.

ಅಟ್ಟದಲ್ಲಿ ಕೊಬ್ಬರಿ ಇರುವ ಮನೆಯಲ್ಲಿ ಇಲಿ ಇರುವುದು ಸಹಜ. ರಾತ್ರಿ ಇಲಿ ಕಾರಿನೊಳಗೆ ನುಗ್ಗಿ ವಿದ್ಯುತ್ ತಂತಿಗಳನ್ನು ಕಡಿದುಹಾಕಿತು. ಇದು ತಯಾರಿಕೆಯ ದೋಷವಲ್ಲ. ಖಾತರಿ ಇದಕ್ಕೆ ಬರುವುದಿಲ್ಲ. ವಿಮೆ ಬರುತ್ತದೆಯೇ ಎಂಬುದು ಪಾಲಿಸಿಯಿಂದ ಪಾಲಿಸಿಗೆ ಬೇರೆ. ಆ ಕಾಗದವನ್ನೇ ಓದಿ ನೋಡಬೇಕು. ತೋಟದ ಮನೆಯಲ್ಲಿ ವಾಸವಾಗಿರುವವರು ಈ ಪ್ರಶ್ನೆಯನ್ನು ವಿಮೆಯವರಿಗೆ ತಪ್ಪದೆ ಹಾಕಬೇಕು.

ಶಿರಾಡಿ ಘಾಟಿಯನ್ನೋ ಚಾರ್ಮಾಡಿ ಘಾಟಿಯನ್ನೋ ವರ್ಷಕ್ಕೆ ನಾಲ್ಕು ಬಾರಿ ಇಳಿದು ಹತ್ತಿದ ಕಾರಿನ ಬ್ರೇಕಿನ ಪ್ಯಾಡುಗಳು ಸವೆದವು. ಕ್ಲಚ್ಚಿನ ಪ್ಲೇಟು ಸವೆಯಿತು. ಇದಕ್ಕೆ ಖಾತರಿಯೂ ಇಲ್ಲ, ವಿಮೆಯೂ ಇಲ್ಲ. ಸವೆಯುವುದು ಆ ವಸ್ತುಗಳ ಧರ್ಮ. ಟೈರು, ವೈಪರಿನ ರಬ್ಬರು, ಬಲ್ಬು, ಎಣ್ಣೆ, ಫಿಲ್ಟರುಗಳೂ ಇದೇ ಗುಂಪಿನವು. ಇವೆಲ್ಲ ನಿಮ್ಮ ಜೇಬಿನ ಖರ್ಚು.

ನಾಲ್ಕನೆಯ ವರ್ಷ, ಯಾರ ತಪ್ಪೂ ಇಲ್ಲದೆ, ಹವಾನಿಯಂತ್ರಣದ ಕಂಪ್ರೆಸರು ನಿಂತುಹೋಯಿತು. ಅಥವಾ ಸ್ಟಿಯರಿಂಗಿನ ವಿದ್ಯುತ್ ಯಂತ್ರ ಕೆಟ್ಟಿತು. ಅಥವಾ ತಾನೇ ಗೇರು ಬದಲಿಸುವ ಪೆಟ್ಟಿಗೆ ಕೈಕೊಟ್ಟಿತು. ಹೆಚ್ಚುವರಿ ಖಾತರಿ ಕೆಲಸಕ್ಕೆ ಬರುವುದು ಇಲ್ಲಿ. ಆದರೆ ಆಯಾ ಯೋಜನೆಯ ಪಟ್ಟಿಯಲ್ಲಿ ಆ ಭಾಗದ ಹೆಸರು ಇರಬೇಕು. ಒಂದೇ ಕಂಪನಿ ಬೆಲೆಗೆ ತಕ್ಕಂತೆ ಮೂರು ನಾಲ್ಕು ಬಗೆಯ ಯೋಜನೆಗಳನ್ನು ಮಾರುವುದುಂಟು. ಅಗ್ಗದ್ದರಲ್ಲಿ ಎಂಜಿನ್ನು, ಗೇರು ಪೆಟ್ಟಿಗೆಗಳಷ್ಟೇ ಇದ್ದು, ವಿದ್ಯುನ್ಮಾನ ಭಾಗಗಳು ಬಿಟ್ಟುಹೋಗಿರಬಹುದು. ಇಂದಿನ ಕಾರಿನಲ್ಲಿ ಪರದೆ, ಕ್ಯಾಮರಾ, ನಿಯಂತ್ರಣ ಪೆಟ್ಟಿಗೆಗಳು ಹೇರಳವಾಗಿರುವಾಗ ಅವನ್ನು ಬಿಟ್ಟ ಖಾತರಿ ಅರ್ಧ ಖಾತರಿಯೇ ಸರಿ.

ಇನ್ನೊಂದು ಮಾತು. ಸುರಕ್ಷತೆಗೆ ಸಂಬಂಧಿಸಿದ ದೋಷ ಒಂದು ಮಾದರಿಯ ಅನೇಕ ಕಾರುಗಳಲ್ಲಿ ಕಂಡುಬಂದರೆ ತಯಾರಕನು ಅವನ್ನು ಹಿಂದಕ್ಕೆ ಕರೆಸಿ ಉಚಿತವಾಗಿ ಸರಿಪಡಿಸುವುದುಂಟು. ಹಾಗೆ ಕರೆಸುವಂತೆ ಆಜ್ಞೆ ಮಾಡುವ ಅಧಿಕಾರವನ್ನು ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ಸರ್ಕಾರಕ್ಕೆ ಕೊಟ್ಟಿದೆ. ಅಂಥ ರಿಪೇರಿಗೆ ಹೆಚ್ಚುವರಿ ಖಾತರಿಯ ಅಗತ್ಯವಿಲ್ಲ.

ಮೂರನೆಯ ವಿಷಯ ಹಣದ ಲೆಕ್ಕ. ಹೊನ್ನವಳ್ಳಿ ಹೋಬಳಿಯಲ್ಲಿ ನೂರು ಮನೆಯವರು ತಲಾ ೨೫,೦೦೦ ರೂಪಾಯಿ ಕೊಟ್ಟು ಹೆಚ್ಚುವರಿ ಖಾತರಿ ಕೊಂಡರೆಂದು ಭಾವಿಸಿ. ಒಟ್ಟು ೨೫ ಲಕ್ಷ ರೂಪಾಯಿ ಕೂಡಿತು. ಒಂದು ದೊಡ್ಡ ರಿಪೇರಿಗೆ ೮೦,೦೦೦ ರೂಪಾಯಿ ತಗಲುವುದೆಂದು ಊಹಿಸಿದರೆ, ಆ ಹಣದಲ್ಲಿ ೩೧ ಕಾರುಗಳನ್ನು ಸರಿಪಡಿಸಬಹುದು. ಆದರೆ ಅದರೊಳಗೇ ಮಾರುವವನ ಕಮಿಷನ್ನು, ಕಚೇರಿಯ ಖರ್ಚು, ತೆರಿಗೆ, ಲಾಭ ಇವೆಲ್ಲ ಹುಟ್ಟಬೇಕು. ಆದುದರಿಂದ ನೂರರಲ್ಲಿ ೩೧ಕ್ಕಿಂತ ಬಹಳ ಕಡಮೆ ಕಾರುಗಳು ಹಾಗೆ ಕೆಡುತ್ತವೆ ಎಂದು ಮಾರುವವನು ಲೆಕ್ಕ ಹಾಕಿರಲೇಬೇಕು. ಇಲ್ಲವಾದರೆ ಅವನ ವ್ಯಾಪಾರ ನಡೆಯದು. ಎಂದರೆ ನೂರು ಮನೆಗಳನ್ನು ಒಟ್ಟಾಗಿ ನೋಡಿದರೆ ಕೊಟ್ಟ ಹಣಕ್ಕಿಂತ ಹಿಂದಿರುಗಿ ಬರುವುದು ಕಡಮೆ. “ಇದರಲ್ಲಿ ಲಾಭವಿದೆ” ಎಂದು ಯಾರಾದರೂ ಹೇಳಿದರೆ ಅದು ನಿಜವಲ್ಲ.

ಹಾಗಾದರೆ ಕೊಳ್ಳಲೇಬಾರದೇ? ಹಾಗೂ ಅಲ್ಲ. ನೂರು ಮನೆಗಳ ಸರಾಸರಿ ಯಾರ ಮನೆಗೂ ಬರುವುದಿಲ್ಲ. ಬಂದರೆ ಒಂದು ಮನೆಗೆ ಪೂರ್ತಿ ೮೦,೦೦೦ ರೂಪಾಯಿಯ ಬಿಲ್ಲು ಬರುತ್ತದೆ, ಇಲ್ಲವಾದರೆ ಇಲ್ಲ. ಆ ಬಿಲ್ಲು ಬಂದ ದಿನ ನಿಮ್ಮ ಮನೆ ಹೇಗಿರುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಸಂಬಳದಾರರಿಗೆ ತಿಂಗಳಿಗೊಮ್ಮೆ ಹಣ ಬರುತ್ತದೆ. ತೆಂಗಿನ ಸೀಮೆಯ ಬೆಳೆಗಾರರ ಹಣ ಅಟ್ಟದ ಮೇಲಿರುತ್ತದೆ. ಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿ, ಒಳಗೆ ಉಂಡೆ ಕೊಬ್ಬರಿಯಾಗಿ, ಸುಲಿದು ಒಡೆದು ತಿಪಟೂರಿನ ಮಾರುಕಟ್ಟೆಗೆ ಹೋಗಬೇಕು. ಅಲ್ಲಿಯ ಧಾರಣೆ ಏರುತ್ತದೆ, ಇಳಿಯುತ್ತದೆ. ೨೦೨೩ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ ೧೧,೭೫೦ ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿದ್ದಾಗ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಇಳಿಯಿತು. ೨೦೨೫ರಲ್ಲಿ ಅದೇ ಕೊಬ್ಬರಿ ೨೦,೦೦೦ ರೂಪಾಯಿಯನ್ನು ದಾಟಿತು. ಕಾರು ಕೆಡುವಾಗ ಧಾರಣೆಯನ್ನು ಕೇಳಿಕೊಂಡು ಕೆಡುವುದಿಲ್ಲ. ಕ್ವಿಂಟಲಿಗೆ ೮,೦೦೦ ರೂಪಾಯಿ ಇರುವಾಗ ೮೦,೦೦೦ ರೂಪಾಯಿ ಹೊಂದಿಸಲು ೧೦ ಕ್ವಿಂಟಲ್ ಕೊಬ್ಬರಿ ಮಾರಬೇಕು. ೨೦,೦೦೦ ಇರುವಾಗ ೪ ಕ್ವಿಂಟಲ್ ಸಾಕು. ಕಾಯಬಹುದಾಗಿದ್ದ ೬ ಕ್ವಿಂಟಲ್ ಕೊಬ್ಬರಿ ಅಕಾಲದಲ್ಲಿ ಅಟ್ಟದಿಂದ ಇಳಿದುಹೋದದ್ದು ರಿಪೇರಿಯ ಬಿಲ್ಲಿನಲ್ಲಿ ಎಲ್ಲಿಯೂ ಕಾಣುವುದಿಲ್ಲ. ಆದರೆ ಮನೆಗೆ ಆಗುವ ನಿಜವಾದ ನಷ್ಟ ಅದೇ. ಸಾಲ ತಂದರೆ ಬಡ್ಡಿ. ಒಡವೆ ಅಡವಿಟ್ಟರೆ ಮನೆಯಾಕೆಯ ಕಣ್ಣೀರು.

ಈಗ ತೀರ್ಮಾನಕ್ಕೆ ಒಂದು ಅಳತೆಗೋಲು ಸಿಕ್ಕಿತು. ಕೊಬ್ಬರಿಯನ್ನು ಮುಟ್ಟದೆ, ಸಾಲ ಮಾಡದೆ, ಮಕ್ಕಳ ಶಾಲೆಯ ಹಣಕ್ಕೆ ಕೈಹಾಕದೆ ೮೦,೦೦೦ ಅಥವಾ ಒಂದು ಲಕ್ಷ ರೂಪಾಯಿಯನ್ನು ಒಂದು ವಾರದಲ್ಲಿ ಕೊಡಬಲ್ಲ ಸಂಸಾರಕ್ಕೆ ಹೆಚ್ಚುವರಿ ಖಾತರಿ ಬೇಕಾಗಿಲ್ಲ. ಅಂಥವರು ಅದೇ ೨೫,೦೦೦ ರೂಪಾಯಿಯನ್ನು ‘ಕಾರಿನ ಹಣ’ ಎಂದು ಬ್ಯಾಂಕಿನಲ್ಲಿಟ್ಟು, ತಿಂಗಳಿಗೆ ಒಂದು ಸಾವಿರದಂತೆ ಸೇರಿಸುತ್ತ ಹೋದರೆ ಮೂರು ವರ್ಷಕ್ಕೆ, ಬಡ್ಡಿ ಬಿಟ್ಟು, ೬೧,೦೦೦ ರೂಪಾಯಿ ಆಗುತ್ತದೆ. ಅದು ಕಂಪ್ರೆಸರಿಗೂ ಆಯಿತು, ಟೈರಿಗೂ ಆಯಿತು, ಇಲಿ ಕಡಿದ ತಂತಿಗೂ ಆಯಿತು. ಕಾರು ಕೆಡದಿದ್ದರೆ ಹಣ ನಿಮ್ಮದೇ. ಆದರೆ ಇದಕ್ಕೆ ಒಂದು ನಿಬಂಧನೆಯುಂಟು: ಹಬ್ಬ ಬಂತು, ಮದುವೆ ಬಂತು ಎಂದು ಅದಕ್ಕೆ ಕೈಹಾಕಬಾರದು. ಹಾಗೆ ಹಣ ಉಳಿಸುವುದು ನಮ್ಮ ಮನೆಯಲ್ಲಿ ಸಾಧ್ಯವಿಲ್ಲ ಎನ್ನುವವರು, ಮತ್ತು ಕಾರಿನ ಸಾಲದ ಕಂತನ್ನು ಕಟ್ಟುವುದೇ ಕಷ್ಟವಾಗಿರುವವರು, ಹೆಚ್ಚುವರಿ ಖಾತರಿ ಕೊಳ್ಳುವುದು ಬುದ್ಧಿವಂತಿಕೆ. ಅವರು ಕೊಳ್ಳುತ್ತಿರುವುದು ಲಾಭವನ್ನಲ್ಲ. ಕೆಟ್ಟ ಕಾಲದಲ್ಲಿ ಕೊಬ್ಬರಿ ಮಾರದಿರುವ ಸ್ವಾತಂತ್ರ್ಯವನ್ನು.

ನಾಲ್ಕನೆಯ ವಿಷಯ, ನಿಮ್ಮ ಕಾರು ಓಡುವ ರೀತಿ. ವರ್ಷಕ್ಕೆ ೮,೦೦೦ ಕಿಲೋಮೀಟರ್ ಓಡುವ ಪ್ರವಾಸದ ಕಾರು ಆರು ವರ್ಷಕ್ಕೆ ೪೮,೦೦೦ ಕಿಲೋಮೀಟರನ್ನಷ್ಟೇ ಮುಟ್ಟುತ್ತದೆ. ಅದಕ್ಕೆ ೧,೬೦,೦೦೦ ಕಿಲೋಮೀಟರಿನ ಖಾತರಿಯನ್ನು ಮಾರುವಾಗ, ಎಂದಿಗೂ ಓಡದ ದೂರಕ್ಕೂ ನೀವು ಹಣ ಕೊಡುತ್ತಿರಬಹುದು. ಕಡಮೆ ದೂರದ ಅಥವಾ ಕಡಮೆ ವರ್ಷದ ಯೋಜನೆ ಇದೆಯೇ ಎಂದು ವಿಚಾರಿಸಿ. ಮೂರು ವರ್ಷದ ಬದಲು ಒಂದೇ ವರ್ಷ ಮುಂದುವರಿಸುವ ಯೋಜನೆಗಳೂ ಇರುತ್ತವೆ. ಐದನೆಯ ವರ್ಷ ಕಾರನ್ನು ಮಾರುವ ಯೋಚನೆಯಿದ್ದರೆ ಆರನೆಯ ವರ್ಷದ ಖಾತರಿ ಮುಂದಿನವರಿಗೆ ವರ್ಗವಾಗುತ್ತದೆಯೇ ಎಂದು ಕೇಳಿ. ವರ್ಗವಾಗುವುದಾದರೆ ಮಾರುವಾಗ ಒಳ್ಳೆಯ ಬೆಲೆ ಕೇಳಲು ಅದೊಂದು ಕಾರಣವಾಗುತ್ತದೆ.

ಇದರೊಡನೆ ಸರ್ವಿಸ್ ಮಾಡಿಸುವ ಜಾಗದ ಪ್ರಶ್ನೆಯೂ ಇದೆ. ಗೊತ್ತಾದ ಕಾಲಕ್ಕೆ, ಕಂಪನಿ ಒಪ್ಪಿದ ಕಾರ್ಯಾಗಾರದಲ್ಲಿಯೇ ಸರ್ವಿಸ್ ಆಗಿರಬೇಕು, ಅದರ ದಾಖಲೆ ಇರಬೇಕು ಎಂಬುದು ಸಾಮಾನ್ಯವಾದ ಷರತ್ತು. ಒಂದು ಸರ್ವಿಸ್ ತಪ್ಪಿದರೂ, “ಸಮಯಕ್ಕೆ ಎಣ್ಣೆ ಬದಲಿಸದಿದ್ದುದರಿಂದ ಎಂಜಿನ್ನು ಕೆಟ್ಟಿತು” ಎಂದು ಕೈತೊಳೆದುಕೊಳ್ಳಲು ಅವರಿಗೆ ದಾರಿಯಾಗುತ್ತದೆ. ನಿಮ್ಮ ಕಂಪನಿಯ ಕಾರ್ಯಾಗಾರ ತಿಪಟೂರಿನಲ್ಲಿಯೇ ಇದ್ದರೆ ಚಿಂತೆಯಿಲ್ಲ. ಅದಕ್ಕಾಗಿ ತುಮಕೂರಿಗೇ ಹೋಗಬೇಕಾದರೆ ತಿಪಟೂರಿನಿಂದಾಚೆಗೆ ಎಪ್ಪತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ಒಂದು ಹಗಲು ಕಳೆಯಿತು, ಇಂಧನವೂ ಖರ್ಚಾಯಿತು. ಪರಿಚಯದ ಮೆಕ್ಯಾನಿಕ್ಕು ಕಡಮೆ ಹಣಕ್ಕೆ ಮಾಡಿಕೊಡುವ ಕೆಲಸಕ್ಕೆ ಅಲ್ಲಿ ಹೆಚ್ಚು ತೆರಬೇಕಾಗಬಹುದು. ಆರು ವರ್ಷದಲ್ಲಿ ಆಗುವ ಈ ವ್ಯತ್ಯಾಸವನ್ನೂ ಖಾತರಿಯ ಬೆಲೆಗೆ ಕೂಡಿಸಿ ನೋಡಬೇಕು. ಹೇಗಿದ್ದರೂ ಅಲ್ಲಿಯೇ ಸರ್ವಿಸ್ ಮಾಡಿಸುವವರಿಗೆ ಈ ಹೊರೆ ಇಲ್ಲ.

ಬಿಳಿ ಫಲಕದ ಸ್ವಂತ ಕಾರನ್ನು ಮದುವೆಯ ದಿಬ್ಬಣಕ್ಕೆಂದು, ಯಾತ್ರೆಗೆಂದು ಬಾಡಿಗೆಗೆ ಕೊಡುವ ರೂಢಿ ಅಲ್ಲಲ್ಲಿ ಉಂಟು. ಇದು ಕಾನೂನಿಗೂ ವಿರುದ್ಧ, ಖಾತರಿಗೂ ಮಾರಕ, ವಿಮೆಗೂ ಅಪಾಯ. ಹಾಗೆಯೇ ಹೊರಗಡೆ ಅಂಗಡಿಯಲ್ಲಿ ತಂತಿ ಕತ್ತರಿಸಿ ಹೆಚ್ಚು ದೀಪ, ದೊಡ್ಡ ಧ್ವನಿವರ್ಧಕ ಜೋಡಿಸಿದರೆ, ಮುಂದೆ ವಿದ್ಯುತ್ ಭಾಗ ಕೆಟ್ಟಾಗ ಖಾತರಿ ನಿರಾಕರಣೆಗೆ ಅದೇ ನೆಪವಾಗುತ್ತದೆ.

ಹಾಸಿಗೆ, ಅಡಿಗೆಯ ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಹೊತ್ತ ಮನೆಗಾಡಿಗಳಿಗೆ, ಎಂದರೆ ಕ್ಯಾರವಾನುಗಳಿಗೆ, ಈ ಪ್ರಶ್ನೆ ಇನ್ನೂ ತೊಡಕಿನದು. ನೆರೆಯ ಕೇರಳ ೨೦೨೧ರಲ್ಲಿ ಅವುಗಳಿಗಾಗಿಯೇ ಪ್ರವಾಸದ ನೀತಿಯೊಂದನ್ನು ಪ್ರಕಟಿಸಿತು. ಮನೆಗಾಡಿಯಲ್ಲಿ ಚಾಸಿ ಒಬ್ಬರದು, ಮೇಲಿನ ಕಟ್ಟಡ ಇನ್ನೊಬ್ಬರದು, ರೆಫ್ರಿಜರೇಟರು ಮತ್ತೊಬ್ಬರದು, ನೀರಿನ ಪಂಪು ಮಗದೊಬ್ಬರದು. ಪ್ರತಿಯೊಂದಕ್ಕೂ ಬೇರೆ ಬೇರೆ ಖಾತರಿ; ಕೆಟ್ಟಾಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವ ಅಪಾಯ. ಹಳೆಯ ವ್ಯಾನನ್ನು ಕೊಂಡು ತಾವೇ ಮನೆಗಾಡಿ ಮಾಡಿಸಲು ಹೊರಡುವವರು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮನ್ನು ಮೊದಲು ತಿಳಿದುಕೊಳ್ಳಬೇಕು. ತಯಾರಕರು ಮೂಲದಲ್ಲಿ ಗೊತ್ತುಮಾಡಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸಲು ಅದು ಬಿಡುವುದಿಲ್ಲ. ಮನೆಗಾಡಿಗಳು ಬಹಳವಾಗಿರುವ ಅಮೆರಿಕದಲ್ಲಿ ೧೯೭೫ರ ಮ್ಯಾಗ್ನಸನ್–ಮಾಸ್ ಕಾನೂನು ಒಂದು ಭೇದವನ್ನು ಸ್ಪಷ್ಟಪಡಿಸಿದೆ. ವಸ್ತುವಿನ ಬೆಲೆಯೊಳಗೇ ಬರುವ ಮಾತು ಖಾತರಿ. ಬೇರೆ ಹಣ ಕೊಟ್ಟು ಕೊಳ್ಳುವುದು ಸೇವೆಯ ಕರಾರು. ನಮ್ಮ ಅಂಗಡಿಯಲ್ಲಿಯೂ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಕರಾರು ಎಂದ ಮೇಲೆ, “ಕರಾರು ಯಾರೊಡನೆ?” ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಹೆಚ್ಚುವರಿ ಖಾತರಿಯನ್ನು ಕಾರಿನ ತಯಾರಕರೇ ಮಾರಬಹುದು, ಅಂಗಡಿಯವರು ತಮ್ಮದೇ ಹೆಸರಿನಲ್ಲಿ ಮಾರಬಹುದು, ಸಂಬಂಧವಿಲ್ಲದ ಮೂರನೆಯ ಕಂಪನಿಯೂ ಮಾರಬಹುದು. ತಯಾರಕರದಾದರೆ ಧರ್ಮಸ್ಥಳದ ದಾರಿಯಲ್ಲಿ ಕೆಟ್ಟ ಕಾರನ್ನು ಅಲ್ಲಿಯ ಹತ್ತಿರದ ಕಾರ್ಯಾಗಾರದಲ್ಲಿಯೇ ಮಾಡಿಸಿಕೊಳ್ಳುವ ಅನುಕೂಲವಿರುತ್ತದೆ. ಉಳಿದವರದಾದರೆ ಮೊದಲು ನೀವೇ ಹಣ ಕೊಟ್ಟು ಆಮೇಲೆ ಕೇಳಬೇಕೇ, ಯಾವ ಊರುಗಳಲ್ಲಿ ಸಲ್ಲುತ್ತದೆ, ಆ ಕಂಪನಿ ಆರು ವರ್ಷ ಉಳಿಯುತ್ತದೆಯೇ ಎಂದು ವಿಚಾರಿಸಬೇಕು. ದಾರಿಯಲ್ಲಿ ನಿಂತ ಕಾರನ್ನು ಎಳೆದೊಯ್ಯುವ ಸೇವೆ ಬೇರೆಯದೇ ಆಗಿರುವುದುಂಟು. ಮುದುಕರನ್ನೂ ಮಕ್ಕಳನ್ನೂ ಕೂರಿಸಿಕೊಂಡು ರಾತ್ರಿ ಘಾಟಿ ದಾಟುವವರಿಗೆ ಆ ಚಿಕ್ಕ ಮೊತ್ತದ ಸೇವೆಯೇ ಒಂದೊಂದು ವೇಳೆ ದೊಡ್ಡ ಖಾತರಿಗಿಂತ ಹೆಚ್ಚು ಉಪಕಾರಿ.

ಕೊನೆಗೆ ಕಾನೂನಿನ ಮಾತು. “ಇದನ್ನು ಕೊಂಡರೆ ಮಾತ್ರ ಕಾರು ಕೊಡುತ್ತೇವೆ” ಎಂದು ಯಾರೂ ಒತ್ತಾಯ ಮಾಡುವಂತಿಲ್ಲ. ಒಂದನ್ನು ಕೊಳ್ಳಲು ಇನ್ನೊಂದನ್ನು ಕೊಳ್ಳಲೇಬೇಕೆಂಬ ಷರತ್ತನ್ನು ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಎಣಿಸುತ್ತದೆ. ಖಾತರಿ ಇದ್ದೂ ನ್ಯಾಯವಾದ ರಿಪೇರಿಯನ್ನು ನಿರಾಕರಿಸಿದರೆ, ನಿರಾಕರಣೆಯ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕಾರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಲು ಈ ಕಾಯಿದೆ ಅವಕಾಶ ಮಾಡಿದೆ. ವಕೀಲರಿಲ್ಲದೆ ತಾವೇ ವಾದಿಸಬಹುದು. ದೂರಿಗೆ ಕಾರಣ ಹುಟ್ಟಿದ ೨ ವರ್ಷದೊಳಗೆ ಹೋಗಬೇಕು.

ಅಲ್ಲಿ ನಿಮ್ಮ ಪರವಾಗಿ ಸಾಕ್ಷಿ ಹೇಳುವುದು ಕಾಗದ. ಅಂಗಡಿಯವರು ಬಾಯಲ್ಲಿ ಹೇಳಿದ “ಎಲ್ಲಾ ಸೇರಿದೆ ಸ್ವಾಮಿ” ಎಂಬ ಮಾತು ಆಯೋಗದ ಮುಂದೆ ನಿಲ್ಲುವುದು ಕಷ್ಟ. ಆದುದರಿಂದ ಸಹಿ ಹಾಕುವ ಮೊದಲು ಷರತ್ತುಗಳ ಪೂರ್ತಿ ಪ್ರತಿಯನ್ನು ಕೇಳಿ ಮನೆಗೆ ತನ್ನಿ. ಇಂಗ್ಲಿಷಿನಲ್ಲಿದ್ದರೆ ಕಾಲೇಜಿಗೆ ಹೋಗುವ ಮಗನಿಂದಲೋ ಮಗಳಿಂದಲೋ ‘ಯಾವುದಕ್ಕೆ ಸಲ್ಲದು’ ಎಂಬ ಭಾಗವನ್ನು ಮೊದಲು ಓದಿಸಿ. ‘ಯಾವುದಕ್ಕೆ ಸಲ್ಲುತ್ತದೆ’ ಎಂಬುದನ್ನು ಆಮೇಲೆ ನೋಡಿದರಾಯಿತು. ಆಮೇಲೆ ಮನೆಯವರೆಲ್ಲ ಕುಳಿತು, ಅಟ್ಟದಲ್ಲಿ ಎಷ್ಟಿದೆ, ಬ್ಯಾಂಕಿನಲ್ಲಿ ಎಷ್ಟಿದೆ ಎಂದು ನೋಡಿ ತೀರ್ಮಾನಿಸಿ. ಕೊಂಡರೆ ಸರ್ವಿಸ್ ಬಿಲ್ಲುಗಳನ್ನೆಲ್ಲ ಒಂದೇ ಚೀಲದಲ್ಲಿ ಜೋಪಾನವಾಗಿಡಿ. ಕೊಳ್ಳದಿದ್ದರೆ ‘ಕಾರಿನ ಹಣ’ದ ಮೊದಲ ಕಂತನ್ನು ಕಾರು ಮನೆಗೆ ಬಂದ ವಾರದಲ್ಲಿಯೇ ಬ್ಯಾಂಕಿಗೆ ಕಟ್ಟಿಬಿಡಿ.